ಗಳಿಕೆ, ವೆಚ್ಚ ಮತ್ತು ಸಾಕ್ಷಿ: ಆದಾಯ ತೆರಿಗೆಯಲ್ಲಿ ವೃತ್ತಿಖರ್ಚಿನ ಇತಿಹಾಸ

ತೆರಿಗೆ ಅತಿ ಪ್ರಾಚೀನವಾದುದು. ಆದರೆ ಗಳಿಕೆಗಾಗಿ ಮಾಡಿದ ವೆಚ್ಚವನ್ನು ಕಳೆದು, ಉಳಿದುದರ ಮೇಲೆ ಮಾತ್ರ ತೆರಿಗೆ ವಿಧಿಸಬೇಕೆಂಬ ವಿಚಾರ ಅಷ್ಟು ಹಳೆಯದಲ್ಲ. ಕನ್ನಡ ನಾಡಿನ ಶಾಸನಗಳಲ್ಲಿ ಮಗ್ಗದೆರೆ, ಗಾಣದೆರೆಗಳ ಉಲ್ಲೇಖ ಉಂಟು. ಮಗ್ಗವಿದ್ದವನು ತೆರಿಗೆ ಕೊಡಬೇಕಾಗಿತ್ತು. ಅವನು ನೂಲಿಗೆಷ್ಟು ವ್ಯಯಿಸಿದನು, ಅವನಿಗೆ ಉಳಿದುದೆಷ್ಟು ಎಂಬುದು ಲೆಕ್ಕಕ್ಕೆ ಬರುತ್ತಿರಲಿಲ್ಲ. ಕಂಪೆನಿ ಸರಕಾರದ ಕಾಲದಲ್ಲಿ ಮದ್ರಾಸ್ ಪ್ರಾಂತದ ವರ್ತಕರೂ ಕಸುಬುದಾರರೂ ತೆರುತ್ತಿದ್ದ ಮೊತರ್ಫಾ ಕರವೂ ಇದೇ ಜಾತಿಯದು. ಅಲ್ಲಿ ತೆರಿಗೆ ಬೀಳುತ್ತಿದ್ದುದು ಕಸುಬಿನ ಮೇಲೆ, ಲಾಭದ ಮೇಲಲ್ಲ.

1860ರಲ್ಲಿ ಜೇಮ್ಸ್ ವಿಲ್ಸನ್ನನು ಭಾರತದಲ್ಲಿ ಆದಾಯ ತೆರಿಗೆಯನ್ನು ಆರಂಭಿಸಿದನು. 1857ರ ಬಂಡಾಯದಿಂದ ಬರಿದಾದ ಬೊಕ್ಕಸವನ್ನು ತುಂಬುವುದು ಅದರ ಉದ್ದೇಶವಾಗಿತ್ತು. 1886ರ ಅಧಿನಿಯಮವು ಕೃಷಿ ಆದಾಯವನ್ನು ಈ ತೆರಿಗೆಯಿಂದ ಹೊರಗಿಟ್ಟಿತು. ಆಗ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕೋಟೇಶ್ವರದಂತಹ ಊರಿನಲ್ಲಿ ಇದರ ಪರಿಣಾಮ ಸ್ಪಷ್ಟ: ಗದ್ದೆ, ತೆಂಗಿನ ತೋಟಗಳ ಹುಟ್ಟುವಳಿಗೆ ಈ ತೆರಿಗೆಯಿಲ್ಲ, ಅಂಗಡಿಯವನಿಗೂ ಸಂಬಳದಾರನಿಗೂ ಉಂಟು. 1922ರ ಅಧಿನಿಯಮದ ಹತ್ತನೆಯ ಕಲಮು ವ್ಯಾಪಾರದ ಖರ್ಚುಗಳನ್ನು ವಜಾ ಮಾಡಲು ಕ್ರಮಬದ್ಧವಾದ ಅವಕಾಶ ನೀಡಿತು. ಲಾಭ ಗಳಿಸುವುದಕ್ಕಾಗಿಯೇ ಆದ ಖರ್ಚು ಎಂದಿದ್ದ ಮಾತನ್ನು 1939ರ ತಿದ್ದುಪಡಿಯು ವಿಸ್ತರಿಸಿ, ವ್ಯಾಪಾರದ ಉದ್ದೇಶಕ್ಕಾಗಿ ಸಂಪೂರ್ಣವಾಗಿ ಮತ್ತು ಅನನ್ಯವಾಗಿ ಆದ ಖರ್ಚು ಎಂದು ಮಾಡಿತು. ಲಾಭ ಬಾರದಿದ್ದರೂ ವ್ಯಾಪಾರಕ್ಕಾಗಿ ಮಾಡಿದ ಖರ್ಚು ಖರ್ಚೇ ಎಂಬ ನ್ಯಾಯ ಇದರಿಂದ ಗಟ್ಟಿಯಾಯಿತು. 1961ರ ಅಧಿನಿಯಮದ 37ನೆಯ ಕಲಮು ಇದನ್ನೇ ಮುಂದುವರಿಸಿತು.

ಈ ಎರಡು ಶಬ್ದಗಳ ಭಾರವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಕೋಟೇಶ್ವರದ ಕೊಡಿ ಹಬ್ಬಕ್ಕೆ ವರ್ತಕನೊಬ್ಬನು ಮಳಿಗೆ ಹಾಕುತ್ತಾನೆ. ಮಳಿಗೆಯ ಬಾಡಿಗೆ, ಸಾಮಾನು ತಂದ ಲಾರಿಯ ಬಾಡಿಗೆ, ಕೆಲಸದವನ ಕೂಲಿ, ಇವೆಲ್ಲ ವ್ಯಾಪಾರದ ಖರ್ಚು. ಅದೇ ಹಬ್ಬದಲ್ಲಿ ಅವನು ಹೊಸದಾಗಿ ಮದುವೆಯಾದ ಮಗಳು ಅಳಿಯಂದಿರ ಕೈಗೆ ಕಬ್ಬಿನ ಕೊಡಿಯನ್ನು ಕೊಡಿಸಿದರೆ ಅದು ಮನೆಯ ಖರ್ಚು. ದೇವರಿಗೆ ಅರ್ಪಿಸಿದ ಕಾಣಿಕೆ ಭಕ್ತಿಯ ಖರ್ಚು. ಮೂರಕ್ಕೂ ಹಣ ಹೊರಟದ್ದು ಒಂದೇ ಗಲ್ಲಾಪೆಟ್ಟಿಗೆಯಿಂದ. ಆದರೆ ಕಿರ್ದಿಯಲ್ಲಿ ಅವು ಸೇರಬೇಕಾದ ಖಾತೆಗಳು ಬೇರೆ ಬೇರೆ. ಅವುಗಳನ್ನು ಬೇರ್ಪಡಿಸಬೇಕಾದವನು ಅಧಿಕಾರಿಗಿಂತ ಮೊದಲು ವರ್ತಕನೇ.

ಸಂಬಳದಾರನ ಕಥೆ ಬೇರೆ ದಾರಿ ಹಿಡಿಯಿತು. 1961ರ ಅಧಿನಿಯಮದ 16ನೆಯ ಕಲಮು ಮೊದಲಲ್ಲಿ ಅವನ ನೈಜ ಖರ್ಚನ್ನೇ ವಿಚಾರಿಸುತ್ತಿತ್ತು. ಕೆಲಸಕ್ಕೆ ಬೇಕಾದ ಪುಸ್ತಕಗಳು, ಉದ್ಯೋಗಕ್ಕಾಗಿ ಬಳಸುವ ಸ್ವಂತ ವಾಹನ, ನೌಕರಿಯ ಷರತ್ತಿನಂತೆ ಕೈಯಿಂದ ಮಾಡಲೇಬೇಕಾದ ವೆಚ್ಚ, ಇವುಗಳಿಗೆ ಮಿತಿ ಮತ್ತು ನಿಬಂಧನೆಗಳೊಳಗೆ ವಜಾ ದೊರೆಯುತ್ತಿತ್ತು. ಕೊನೆಯದಕ್ಕೆ ‘ಅವಶ್ಯವಾಗಿ’ ಎಂಬ ಮೂರನೆಯ ಶಬ್ದವನ್ನೂ ಸೇರಿಸಲಾಗಿತ್ತು. ವರ್ತಕನಿಗಿಂತ ನೌಕರನನ್ನು ಹೆಚ್ಚು ಬಿಗಿಯಾದ ಒರೆಗಲ್ಲಿಗೆ ಹಚ್ಚಲಾಯಿತೆಂದೇ ಹೇಳಬೇಕು. ಲಕ್ಷಾಂತರ ನೌಕರರ ಸಣ್ಣ ಸಣ್ಣ ರಶೀದಿಗಳನ್ನು ಪರಿಶೀಲಿಸುವುದು ಸುಲಭವಲ್ಲ. 1974ರ ಹಣಕಾಸು ಅಧಿನಿಯಮವು ಇವುಗಳ ಬದಲಿಗೆ ಒಂದೇ ಪ್ರಮಾಣಿತ ಕಡಿತವನ್ನು ತಂದಿತು: ಮೊದಲ 10,000 ರೂಪಾಯಿ ಸಂಬಳದ ಮೇಲೆ ಶೇಕಡಾ 20, ಅದಕ್ಕೆ ಮೇಲ್ಪಟ್ಟುದಕ್ಕೆ ಶೇಕಡಾ 10, ಒಟ್ಟು ಮಿತಿ 3,500 ರೂಪಾಯಿ. 2005ರ ಅಧಿನಿಯಮವು ಪ್ರಮಾಣಿತ ಕಡಿತವನ್ನೇ ತೆಗೆದುಹಾಕಿತು. 2018ರಲ್ಲಿ ಅದು ಪ್ರಯಾಣ ಭತ್ಯೆ ಮತ್ತು ವೈದ್ಯಕೀಯ ಮರುಪಾವತಿಗಳ ವಿನಾಯಿತಿಯ ಬದಲಿಗೆ 40,000 ರೂಪಾಯಿಯಾಗಿ ಮರಳಿತು. 2019ರಲ್ಲಿ 50,000ಕ್ಕೆ ಏರಿತು. 2024ರಲ್ಲಿ ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವವರಿಗೆ 75,000 ಆಯಿತು.

ಇದರ ಅನುಕೂಲ ಸ್ಪಷ್ಟ: ರಶೀದಿ ಬೇಡ, ವಾದವಿವಾದ ಬೇಡ. ಆದರೆ ನಷ್ಟವೂ ಇಲ್ಲದಿಲ್ಲ. ಕೋಟೇಶ್ವರದಿಂದ ನಿತ್ಯ ಉಡುಪಿಗೆ ಹೋಗಿ ಬಂದು, ಸ್ವಂತ ಹಣದಿಂದ ಗ್ರಂಥಗಳನ್ನು ಕೊಳ್ಳುವ ಅಧ್ಯಾಪಕನಿಗೂ, ಮನೆಯ ಪಕ್ಕದ ಕಚೇರಿಗೆ ನಡೆದು ಹೋಗುವ ನೌಕರನಿಗೂ ಕಡಿತ ಒಂದೇ. ಕಾಯಿದೆಯು ನೌಕರನ ಖರ್ಚನ್ನು ಒಪ್ಪಿತು, ಆದರೆ ಅದರ ಲೆಕ್ಕ ಕೇಳುವುದನ್ನು ಬಿಟ್ಟಿತು. ವರ್ತಕನನ್ನಾದರೋ ಇನ್ನೂ ಕೇಳುತ್ತದೆ, ಮತ್ತು ಅವನ ಪುಸ್ತಕವನ್ನು ಸಾಕ್ಷಿಯೆಂದು ಸ್ವೀಕರಿಸುತ್ತದೆ.

ಹಾಗಾದರೆ ಖರ್ಚು ನಿಜವಾಗಿದ್ದರೆ ಸಾಕೇ, ನ್ಯಾಯವೂ ಆಗಿರಬೇಕೇ? ಈ ಪ್ರಶ್ನೆಯು ಹಾಜಿ ಅಜೀಜ್ ಮತ್ತು ಅಬ್ದುಲ್ ಶಕೂರ್ ಸಹೋದರರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಇರಾಕಿನಿಂದ ಖರ್ಜೂರವನ್ನು ಉಗಿಹಡಗಿನಲ್ಲಿ ತರುವುದು ಆಗ ನಿಷಿದ್ಧವಾಗಿತ್ತು. ಹಾಯಿಹಡಗುಗಳಲ್ಲಿ ತರಲು ಅಡ್ಡಿಯಿರಲಿಲ್ಲ. ಮಾಲಿನ ಒಂದು ಭಾಗ ಉಗಿಹಡಗಿನಲ್ಲಿ ಬಂದು ಮುಟ್ಟುಗೋಲಾಯಿತು. ಅದನ್ನು ಬಿಡಿಸಿಕೊಳ್ಳಲು ತೆತ್ತ ದಂಡವನ್ನು ವ್ಯಾಪಾರದ ಖರ್ಚೆಂದು ವಜಾ ಮಾಡಬೇಕೆಂದು ಆ ಸಂಸ್ಥೆಯವರು ಕೇಳಿದರು. ಕಾಯಿದೆ ಮುರಿದುದಕ್ಕೆ ತೆತ್ತ ದಂಡ ವ್ಯಾಪಾರದ ಖರ್ಚಲ್ಲವೆಂದು ನ್ಯಾಯಾಲಯ ನಿರ್ಣಯಿಸಿತು. ಅಪರಾಧವಾದ ಅಥವಾ ಕಾನೂನು ನಿಷೇಧಿಸಿದ ಕಾರ್ಯಕ್ಕೆ ಮಾಡಿದ ಖರ್ಚು ವಜಾಕ್ಕೆ ಅರ್ಹವಲ್ಲವೆಂದು 1998ರಲ್ಲಿ ಸಂಸತ್ತೇ ವಿವರಣೆ ಸೇರಿಸಿತು. ಔಷಧ ಕಂಪೆನಿಗಳು ವೈದ್ಯರಿಗೆ ಕೊಟ್ಟ ಉಡುಗೊರೆಗಳ ಖರ್ಚನ್ನು 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದೇ ನ್ಯಾಯದಿಂದ ತಳ್ಳಿಹಾಕಿತು.

ಕಾನೂನು ತಡವಾಗಿ ತಲುಪಿದ ಈ ನೆಲೆಯನ್ನು ನಮ್ಮ ಶ್ರಾವಕಾಚಾರವು ಬಹು ಹಿಂದೆಯೇ ಗುರುತಿಸಿತ್ತು. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಬರಹವನ್ನು, ಎಣಿಸುತ್ತದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಕಳ್ಳ ತೂಕ, ಕಳ್ಳ ಅಳತೆಗಳಿವೆ. ಕಳ್ಳ ತಕ್ಕಡಿಯಿಂದ ಎದುರಿಗಿರುವ ಒಬ್ಬ ಗಿರಾಕಿಗೆ ಮೋಸ. ಮನೆಯ ಅಕ್ಕಿಯನ್ನು ಅಂಗಡಿಯ ಖರ್ಚೆಂದು ಬರೆದರೆ ಕಣ್ಣಿಗೆ ಕಾಣದ ಸಹಸ್ರ ಜನರಿಗೆ ಮೋಸ. ಲೆಕ್ಕ ಕೊಡಲು ಅವಕಾಶವೇ ಇಲ್ಲದೆ, ಸಂಬಳ ಕೈಸೇರುವ ಮೊದಲೇ ತೆರಿಗೆ ತೆರುವ ಅಧ್ಯಾಪಕನೂ ಆ ಸಹಸ್ರರಲ್ಲಿ ಒಬ್ಬ.

ನಿಜವಾದ ಖರ್ಚನ್ನು ಕಳೆಯುವುದು ವರ್ತಕನ ಹಕ್ಕು. ಅದನ್ನು ಸಂಕೋಚವಿಲ್ಲದೆ, ಒಂದು ಪೈಸೆಯನ್ನೂ ಬಿಡದೆ ಕಳೆಯಲಿ. ಆದರೆ ಆ ಹಕ್ಕು ನಿಂತಿರುವುದು ಅವನ ಕೈಬರಹದ ಮೇಲಿನ ನಂಬಿಕೆಯಿಂದ. ಆ ನಂಬಿಕೆ ಕೆಟ್ಟಲ್ಲಿ ಅವನಿಗೂ ಒಂದು ದಿನ ಸಿದ್ಧ ಅಂಕೆಯೇ ಗತಿಯಾದೀತು.