ಗೃಹೋಪಕರಣಗಳ ವಿರಾಮಾವಸ್ಥೆಯಲ್ಲಿ ವಿದ್ಯುದ್ವ್ಯಯ: ನಿಯಮನ ಮತ್ತು ಅದರ ಮಿತಿ

ರಿಮೋಟಿನ ಗುಂಡಿಯನ್ನೊತ್ತಿದೊಡನೆ ಟಿ.ವಿ.ಯ ಪರದೆ ಆರಿತೆಂಬ ಮಾತ್ರಕ್ಕೆ ಅದರ ವಿದ್ಯುತ್ಸೇವನೆಯೂ ನಿಂತಿತೆಂದು ಭಾವಿಸಲಾಗದು. ಮತ್ತೆ ಬರಬಹುದಾದ ಸಂಕೇತವನ್ನು ಗ್ರಹಿಸುವ ಸಲುವಾಗಿ ಅದರೊಳಗಿನ ಒಂದು ಭಾಗವು ಅಹರ್ನಿಶಿ ಎಚ್ಚೆತ್ತಿರುತ್ತದೆ. ಸ್ಟ್ಯಾಂಡ್‌ಬೈ ಎಂದು ಕರೆಯಲ್ಪಡುವ ಈ ಅವಸ್ಥೆಯ ವ್ಯಯವು ಕ್ಷಣಕ್ಷಣಕ್ಕೆ ಅತ್ಯಲ್ಪವಾದರೂ, ವರ್ಷದ 8,760 ಗಂಟೆಗಳೂ ಅವಿಚ್ಛಿನ್ನವಾಗಿ ನಡೆಯುವುದರಿಂದ, ಒಂದೇ ಒಂದು ವಾಟ್ ಸಹ 8.76 ಯೂನಿಟ್ ಆಗಿ ಪರಿಣಮಿಸುತ್ತದೆ.

ಈ ನಷ್ಟವು ಅನಿವಾರ್ಯವೇ ಎಂಬುದು ಇಲ್ಲಿನ ಮೂಲಪ್ರಶ್ನೆ. ಹಳೆಯ ಮಾದರಿಯ ಅಡಾಪ್ಟರಿನಲ್ಲಿ, ಅದಕ್ಕೆ ಯಾವ ಉಪಕರಣವನ್ನೂ ಜೋಡಿಸದಿದ್ದರೂ, ಟ್ರಾನ್ಸ್‌ಫಾರ್ಮರಿನ ಸುರುಳಿಯಲ್ಲಿ ವಿದ್ಯುತ್ತು ಹರಿಯುತ್ತಲೇ ಇದ್ದು, ಕಬ್ಬಿಣದ ತಿರುಳಿನ ಕಾಂತತ್ವವು ಸೆಕೆಂಡಿಗೆ 50 ಬಾರಿ ಆವರ್ತಿಸುವ ಕಾರಣ ಶಾಖವು ಉತ್ಪನ್ನವಾಗುತ್ತದೆ. ಮುಟ್ಟಿದರೆ ಬೆಚ್ಚಗಿರುವುದು ಇದರಿಂದಲೇ. ಅಧಿಕ ಆವರ್ತನದ ಸ್ವಿಚಿಂಗ್ ಮಂಡಲಗಳು ಇದೇ ನಷ್ಟವನ್ನು ಒಂದು ವಾಟಿನ ಅಲ್ಪಾಂಶಕ್ಕೆ ಇಳಿಸಿರುವುದನ್ನು ನೋಡಿದರೆ, ದೋಷವು ವಿನ್ಯಾಸದ್ದೇ ಹೊರತು ಪ್ರಕೃತಿನಿಯಮದ್ದಲ್ಲವೆಂದು ಸಿದ್ಧವಾಗುತ್ತದೆ.

ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಅಲನ್ ಮೈಯರ್ ಅವರು ಪ್ರತಿಪಾದಿಸಿದ, ವಿರಾಮಾವಸ್ಥೆಯ ವ್ಯಯವು ಒಂದು ವಾಟನ್ನು ಮೀರಬಾರದೆಂಬ ಏಕವಾಟ್ ಮಿತಿಯನ್ನು 1999ರಲ್ಲಿ ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯು ಕೈಗೆತ್ತಿಕೊಂಡಿತು. ಅಳೆಯುವ ಕ್ರಮವೊಂದಿಲ್ಲದೆ ಮಿತಿಯು ಬರಿಯ ಮಾತಾಗುವುದರಿಂದ, 2005ರಲ್ಲಿ ಪ್ರಕಟವಾದ ಐಇಸಿ 62301 ಮಾನಕಕ್ಕೆ ವಿಶೇಷ ಮಹತ್ತ್ವವುಂಟು. ತದನಂತರ ಐರೋಪ್ಯ ಒಕ್ಕೂಟದ 1275/2008ನೆಯ ನಿಯಮವು, ಮಾಹಿತಿಯ ಪರದೆಯಿಲ್ಲದ ಉಪಕರಣಗಳಿಗೆ 2010ರಿಂದ ಒಂದು ವಾಟ್, 2013ರಿಂದ ಅರ್ಧ ವಾಟ್ ಎಂದು ವಿಧಿಸಿ, ಕೋಟ್ಯಂತರ ಗ್ರಾಹಕರ ಜಾಗರೂಕತೆಯನ್ನು ಅವಲಂಬಿಸದೆ, ಪರಿಮಿತ ಸಂಖ್ಯೆಯ ತಯಾರಕರ ಮೇಲೆ ಹೊಣೆಯನ್ನು ಹೊರಿಸಿತು.

ಆದರೆ ಸೆಟ್‌ಟಾಪ್ ಬಾಕ್ಸಿನಂಥ, ಸದಾ ಜಾಲಕ್ಕೋ ಪ್ರಸಾರಕ್ಕೋ ಬದ್ಧವಾದ ಉಪಕರಣಗಳಲ್ಲಿ ಈ ಮಿತಿಯು ಸುಲಭವಾಗಿ ಸಲ್ಲುವುದಿಲ್ಲ. ಅನೇಕ ಮಾದರಿಗಳಲ್ಲಿ ಪ್ರಸಾರಸಂಕೇತವನ್ನು ಹಿಡಿಯುವ ಹಾಗೂ ಸಂಸ್ಕರಿಸುವ ಭಾಗಗಳು ವಿರಾಮದಲ್ಲಿಯೂ ದುಡಿಯುತ್ತಿರುವುದರಿಂದ, ವಿರಾಮಕ್ಕೂ ಚಾಲನೆಗೂ ವ್ಯಯದಲ್ಲಿ ಹೆಚ್ಚಿನ ಅಂತರವಿರದು. ಗೋಡೆಯ ಸ್ವಿಚ್ಚನ್ನು ಆರಿಸೋಣವೆಂದರೆ, ಮತ್ತೆ ಚಾಲೂ ಆಗುವಾಗಿನ ವಿಳಂಬವು ಬಳಕೆದಾರನನ್ನು ಹಿಂಜರಿಸುತ್ತದೆ. ಕರೆಂಟು ಹೋದಾಗ ಇನ್ವರ್ಟರಿನ ಬ್ಯಾಟರಿಯ ಮೇಲೆ ಬೀಳುವುದೂ ಈ ವಿರಾಮವ್ಯಯದ ಹೊರೆಯೇ. ಆದರೂ ಅಮೆರಿಕದ ಮನೆಗಳ ಪ್ಲಗ್ಗುಗಳಿಗೆ ಸಾಮಾನ್ಯವಾಗಿ ಇಲ್ಲದ ಗೋಡೆಸ್ವಿಚ್ಚು ನಮ್ಮ ಮನೆಗಳಲ್ಲಿ ಸರ್ವೇಸಾಧಾರಣವಾಗಿರುವುದು ಒಂದು ಅನುಕೂಲವೇ ಸರಿ. ಆದಕಾರಣ ತಯಾರಕರಿಗೆ ಕಡ್ಡಾಯವಾದ ಮಿತಿಯೇ ಮುಖ್ಯ ಪರಿಹಾರವೆಂದೂ, ಆ ಮಿತಿಗೆ ಸಿಲುಕದ ಉಪಕರಣಗಳ ಮಟ್ಟಿಗೆ ಮಾತ್ರ ಗೃಹಸ್ಥನ ಎಚ್ಚರವು ಪೂರಕವೆಂದೂ ನಿರ್ಣಯಿಸುವುದು ಯುಕ್ತ.