ಟಿ ಜೀವಕೋಶ ಗ್ರಾಹಕ ವಂಶವಾಹಿಗಳ ವೈವಿಧ್ಯ

ಟಿ ಜೀವಕೋಶ ಗ್ರಾಹಕ ವಂಶವಾಹಿಗಳ ವೈವಿಧ್ಯ ಎಂದರೆ, ಮಾನವನ ಟಿ ಜೀವಕೋಶಗಳ ಹೊರಮೈಯಲ್ಲಿರುವ ಗ್ರಾಹಕ ಪ್ರೋಟೀನ್‌ಗಳನ್ನು ರೂಪಿಸುವ ವಂಶವಾಹಿಗಳಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಹಾಗೂ ಜೀವಕೋಶದಿಂದ ಜೀವಕೋಶಕ್ಕೆ ಕಂಡುಬರುವ ವ್ಯತ್ಯಾಸ. ಇದರಲ್ಲಿ ಎರಡು ಬಗೆಗಳಿವೆ. ಮೊದಲನೆಯದು ತಂದೆ-ತಾಯಿಯರಿಂದ ಬರುವ ಆನುವಂಶಿಕ ವ್ಯತ್ಯಾಸ. ಎರಡನೆಯದು ಪ್ರತಿಯೊಂದು ಟಿ ಜೀವಕೋಶವೂ ಥೈಮಸ್ ಗ್ರಂಥಿಯಲ್ಲಿ ಬೆಳೆಯುವಾಗ ತನ್ನ ಡಿಎನ್‌ಎಯನ್ನು ಕತ್ತರಿಸಿ ಜೋಡಿಸಿಕೊಳ್ಳುವುದರಿಂದ ಉಂಟಾಗುವ ವ್ಯತ್ಯಾಸ. ಇದು ಮುಂದಿನ ಪೀಳಿಗೆಗೆ ಹೋಗುವುದಿಲ್ಲ. ಸೋಂಕುಗಳನ್ನು ಎದುರಿಸುವ ಶಕ್ತಿ, ಸ್ವಯಂಪ್ರತಿರಕ್ಷಣಾ ರೋಗಗಳ ಸಾಧ್ಯತೆ ಮತ್ತು ಕೆಲವು ರಕ್ತ ಕ್ಯಾನ್ಸರ್‌ಗಳ ಪತ್ತೆ ಈ ವೈವಿಧ್ಯದೊಂದಿಗೆ ಸಂಬಂಧ ಹೊಂದಿವೆ.

ಸಂಶೋಧನೆಯ ಇತಿಹಾಸ

ಪ್ರತಿಕಾಯಗಳ ವಂಶವಾಹಿಗಳು ತುಣುಕುಗಳಾಗಿದ್ದು ನಂತರ ಜೋಡಣೆಯಾಗುತ್ತವೆ ಎಂಬುದನ್ನು ಸುಸುಮು ತೊನೆಗಾವಾ ಮತ್ತು ನೊಬುಮಿಚಿ ಹೊಜುಮಿ 1976ರಲ್ಲಿ ತೋರಿಸಿದರು. ಪ್ರತಿಕಾಯ ವೈವಿಧ್ಯದ ಮೂಲವನ್ನು ಕಂಡುಹಿಡಿದುದಕ್ಕಾಗಿ ತೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಟಿ ಜೀವಕೋಶಗಳಲ್ಲಿಯೂ ಇಂತಹದೇ ವಂಶವಾಹಿಗಳಿವೆ ಎಂಬುದು 1984ರಲ್ಲಿ ಖಚಿತವಾಯಿತು. ಇಲಿಯ ವಂಶವಾಹಿಯನ್ನು ಮಾರ್ಕ್ ಡೇವಿಸ್ ತಂಡವೂ ಮಾನವನ ವಂಶವಾಹಿಯನ್ನು ಟಾಕ್ ಮಾಕ್ ತಂಡವೂ ಪ್ರಕಟಿಸಿದವು. 1996ರಲ್ಲಿ ಲೀ ರೋವೆನ್, ಬೆನ್ ಕೂಪ್ ಮತ್ತು ಲೀರಾಯ್ ಹುಡ್ ಮಾನವನ ಬೀಟಾ ನೆಲೆಯ ಸುಮಾರು 6,85,000 ಬೇಸ್ ಜೋಡಿಗಳ ಅನುಕ್ರಮವನ್ನು ಸಂಪೂರ್ಣವಾಗಿ ಓದಿದರು.

ವಂಶವಾಹಿಗಳ ನೆಲೆಗಳು

ಗ್ರಾಹಕವು ಎರಡು ಸರಪಳಿಗಳಿಂದಾಗಿದೆ. ಹೆಚ್ಚಿನ ಟಿ ಜೀವಕೋಶಗಳಲ್ಲಿ ಆಲ್ಫಾ ಮತ್ತು ಬೀಟಾ ಸರಪಳಿಗಳೂ ಅಲ್ಪಭಾಗದಲ್ಲಿ ಗಾಮಾ ಮತ್ತು ಡೆಲ್ಟಾ ಸರಪಳಿಗಳೂ ಇರುತ್ತವೆ. ಬೀಟಾ ಮತ್ತು ಗಾಮಾ ನೆಲೆಗಳು 7ನೆಯ ವರ್ಣತಂತುವಿನಲ್ಲಿವೆ. ಆಲ್ಫಾ ಮತ್ತು ಡೆಲ್ಟಾ ನೆಲೆಗಳು 14ನೆಯ ವರ್ಣತಂತುವಿನಲ್ಲಿವೆ. ಡೆಲ್ಟಾ ನೆಲೆಯು ಆಲ್ಫಾ ನೆಲೆಯ ಒಳಗೇ ಅಡಗಿದೆ. ಆದುದರಿಂದ ಒಂದು ವರ್ಣತಂತುವಿನಲ್ಲಿ ಆಲ್ಫಾ ಜೋಡಣೆ ನಡೆದರೆ ಅಲ್ಲಿನ ಡೆಲ್ಟಾ ಭಾಗವು ಕತ್ತರಿಸಿಹೋಗುತ್ತದೆ.

ಪ್ರತಿ ನೆಲೆಯಲ್ಲಿಯೂ ವಿ (ವ್ಯತ್ಯಾಸಶೀಲ), ಜೆ (ಜೋಡಕ) ಮತ್ತು ಸಿ (ಸ್ಥಿರ) ತುಣುಕುಗಳಿವೆ. ಬೀಟಾ ಮತ್ತು ಡೆಲ್ಟಾಗಳಲ್ಲಿ ಡಿ (ವೈವಿಧ್ಯ) ತುಣುಕುಗಳೂ ಇವೆ. ಬೀಟಾ ನೆಲೆಯಲ್ಲಿ 60ಕ್ಕೂ ಹೆಚ್ಚು ವಿ ತುಣುಕುಗಳು, 2 ಡಿ ತುಣುಕುಗಳು ಮತ್ತು 2 ಸಿ ವಂಶವಾಹಿಗಳಿವೆ. ಆಲ್ಫಾ ನೆಲೆಯಲ್ಲಿ 61 ಜೆ ತುಣುಕುಗಳಿವೆ. ವಿ ತುಣುಕುಗಳಲ್ಲಿ ಹಲವು ಕಾರ್ಯಹೀನ ಹುಸಿ ವಂಶವಾಹಿಗಳು.

ಜೋಡಣೆಯಿಂದ ಉಂಟಾಗುವ ವೈವಿಧ್ಯ

ರ್‍ಯಾಗ್-1 ಮತ್ತು ರ್‍ಯಾಗ್-2 ಎಂಬ ಪ್ರೋಟೀನ್‌ಗಳು ಪ್ರತಿ ತುಣುಕಿನ ಅಂಚಿನಲ್ಲಿರುವ ಮರುಸಂಯೋಜನಾ ಸಂಕೇತವನ್ನು ಗುರುತಿಸಿ ಡಿಎನ್‌ಎಯನ್ನು ಕತ್ತರಿಸುತ್ತವೆ. ಕತ್ತರಿಸಿದ ತುದಿಗಳನ್ನು ಮತ್ತೆ ಬೆಸೆಯುವಾಗ ಕೆಲವು ನ್ಯೂಕ್ಲಿಯೋಟೈಡ್‌ಗಳು ಕಳೆದುಹೋಗುತ್ತವೆ. ಟಿಡಿಟಿ ಎಂಬ ಕಿಣ್ವವು ಯಾವ ಅಚ್ಚೂ ಇಲ್ಲದೆ ಹೊಸ ನ್ಯೂಕ್ಲಿಯೋಟೈಡ್‌ಗಳನ್ನು ಸೇರಿಸುತ್ತದೆ. ಹೀಗೆ ಬೆಸುಗೆಯ ಜಾಗದಲ್ಲಿ ಮೂಡುವ ಸಿಡಿಆರ್-3 ಎಂಬ ಭಾಗವೇ ಪ್ರತಿಜನಕದ ತುಣುಕನ್ನು ಮುಖ್ಯವಾಗಿ ಸ್ಪರ್ಶಿಸುತ್ತದೆ. ಸಿಡಿಆರ್-1 ಮತ್ತು ಸಿಡಿಆರ್-2 ಭಾಗಗಳು ಮಾತ್ರ ವಿ ತುಣುಕಿನಲ್ಲಿಯೇ ಬರೆದಿರುತ್ತವೆ; ಆದುದರಿಂದ ಅವು ಆನುವಂಶಿಕ.

ಆನುವಂಶಿಕ ವ್ಯತ್ಯಾಸಗಳು

ವಿ ತುಣುಕುಗಳ ಪರ್ಯಾಯ ರೂಪಗಳಲ್ಲಿ ಹೆಚ್ಚಿನವು ಒಂದೇ ಬೇಸ್‌ನ ಬದಲಾವಣೆಯಿಂದ ಆದವು. ಅವುಗಳ ಪರಿಣಾಮ ಮಾತ್ರ ಒಂದೇ ತೆರನಾದುದಲ್ಲ.

* ಅಕ್ಷರ ಬದಲಾವಣೆ: ಟಿಆರ್‌ಬಿವಿ-9 ವಂಶವಾಹಿಯ ಎರಡು ರೂಪಗಳಲ್ಲಿ 55ನೆಯ ಸ್ಥಾನದ ಅಮೈನೋ ಆಮ್ಲ ಬೇರೆ, ಒಂದರಲ್ಲಿ ಗ್ಲುಟಮೀನ್, ಇನ್ನೊಂದರಲ್ಲಿ ಹಿಸ್ಟಿಡೀನ್. ಎಪ್‌ಸ್ಟೀನ್-ಬಾರ್ ವೈರಸ್ಸಿನ ಒಂದು ತುಣುಕನ್ನು ಗುರುತಿಸುವ ಶಕ್ತಿಯು ಇಷ್ಟರಿಂದಲೇ ಕುಂದುತ್ತದೆ ಎಂದು 2010ರ ಅಧ್ಯಯನವೊಂದು ತೋರಿಸಿತು.
* ಕಾರ್ಯಹೀನ ರೂಪ: ಟಿಆರ್‌ಬಿವಿ-30ರ ಒಂದು ರೂಪದಲ್ಲಿ ಪ್ರೋಟೀನ್ ರಚನೆಯನ್ನು ನಡುವೆಯೇ ನಿಲ್ಲಿಸುವ ಸಂಕೇತವಿದೆ.
* ಸಂಕೇತದ ಬದಲಾವಣೆ: ಟಿಆರ್‌ಬಿವಿ-28ರ ಮರುಸಂಯೋಜನಾ ಸಂಕೇತದಲ್ಲಿನ ವ್ಯತ್ಯಾಸದಿಂದ ಆ ತುಣುಕನ್ನು ಬಳಸುವ ಟಿ ಜೀವಕೋಶಗಳ ಪ್ರಮಾಣ ಹೆಚ್ಚು ಕಡಿಮೆಯಾಗುತ್ತದೆ. ಇಲ್ಲಿ ಪ್ರೋಟೀನ್ ಬದಲಾಗದಿದ್ದರೂ ಅದರ ಬಳಕೆ ಬದಲಾಗುತ್ತದೆ.
* ದೊಡ್ಡ ತುಂಡುಗಳ ಲೋಪ: ಬೀಟಾ ನೆಲೆಯಲ್ಲಿ ಟಿಆರ್‌ಬಿವಿ-4-3 ಮುಂತಾದ ವಂಶವಾಹಿಗಳನ್ನು ಒಳಗೊಂಡ ಒಂದು ಭಾಗವು ಕೆಲವರಲ್ಲಿ ಇರುವುದೇ ಇಲ್ಲ.

ರೋಗಗಳೊಂದಿಗೆ ಸಂಬಂಧ

ಹಗಲಿನಲ್ಲಿ ತಡೆಯಲಾಗದ ನಿದ್ರೆ ಬರುವ ನಾರ್ಕೊಲೆಪ್ಸಿ ರೋಗಕ್ಕೆ ಎಚ್‌ಎಲ್‌ಎ ವಂಶವಾಹಿಗಳೊಂದಿಗೆ ನಂಟಿರುವುದು ಮೊದಲೇ ತಿಳಿದಿತ್ತು. 2009ರಲ್ಲಿ ಆಲ್ಫಾ ನೆಲೆಯ ವ್ಯತ್ಯಾಸವೊಂದಕ್ಕೂ ಈ ರೋಗಕ್ಕೂ ಸಂಬಂಧವಿರುವುದು ಕಂಡುಬಂದಿತು. ಇದು ನಾರ್ಕೊಲೆಪ್ಸಿಯಲ್ಲಿ ಟಿ ಜೀವಕೋಶಗಳ ಪಾತ್ರವಿದೆ ಎಂಬ ವಾದವನ್ನು ಬಲಪಡಿಸಿತು. ಇಂತಹ ವ್ಯತ್ಯಾಸವು ರೋಗದ ಸಾಧ್ಯತೆಯನ್ನು ಹೆಚ್ಚಿಸುತ್ತದೆಯೇ ಹೊರತು ರೋಗ ಬಂದೇ ಬರುತ್ತದೆ ಎಂದು ಸೂಚಿಸುವುದಿಲ್ಲ.

ಅಪರೂಪದ ಉತ್ಪರಿವರ್ತನೆಗಳ ಪರಿಣಾಮ ಹೆಚ್ಚು ತೀವ್ರವಾದುದು. ರ್‍ಯಾಗ್ ವಂಶವಾಹಿಗಳು ಸಂಪೂರ್ಣವಾಗಿ ಕೆಟ್ಟರೆ ಟಿ ಮತ್ತು ಬಿ ಜೀವಕೋಶಗಳೆರಡೂ ಬೆಳೆಯುವುದಿಲ್ಲ. ತೀವ್ರ ಸಂಯುಕ್ತ ರೋಗನಿರೋಧ ಕೊರತೆ ಉಂಟಾಗಿ, ಚಿಕಿತ್ಸೆ ಸಿಗದ ಶಿಶುವು ಸಾಮಾನ್ಯ ಸೋಂಕಿನಿಂದಲೂ ಸಾಯಬಹುದು. ಆಲ್ಫಾ ಸರಪಳಿಯ ಸ್ಥಿರ ಭಾಗದ ವಂಶವಾಹಿಯೇ ದೋಷಯುಕ್ತವಾಗಿದ್ದ ಮಕ್ಕಳ ವರದಿ 2011ರಲ್ಲಿ ಪ್ರಕಟವಾಯಿತು.

ವೈದ್ಯಕೀಯ ಬಳಕೆ

ಆಲ್ಫಾ ಜೋಡಣೆಗೆ ದಾರಿಮಾಡಿಕೊಡುವಾಗ ಕತ್ತರಿಸಿಹೋದ ಡೆಲ್ಟಾ ಭಾಗವು ಉಂಗುರದ ಆಕಾರದ ಡಿಎನ್‌ಎಯಾಗಿ ಜೀವಕೋಶದಲ್ಲಿ ಉಳಿಯುತ್ತದೆ. ಇದಕ್ಕೆ ಟ್ರೆಕ್ ಎಂದು ಹೆಸರು. ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯಲ್ಲಿ ಟ್ರೆಕ್ ಕಡಿಮೆಯಿದ್ದರೆ ಹೊಸ ಟಿ ಜೀವಕೋಶಗಳು ಹುಟ್ಟುತ್ತಿಲ್ಲವೆಂಬ ಸಂಶಯ ಮೂಡುತ್ತದೆ. ಸೋಂಕು ತಗಲುವ ಮೊದಲೇ ಅಸ್ಥಿಮಜ್ಜೆ ಕಸಿಗೆ ಸಿದ್ಧತೆ ನಡೆಸಬಹುದು. ಈ ಪರೀಕ್ಷೆಯನ್ನು ಎಲ್ಲ ನವಜಾತ ಶಿಶುಗಳಿಗೆ ಮೊದಲು ಆರಂಭಿಸಿದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯ, 2008ರಲ್ಲಿ.

ಟಿ ಜೀವಕೋಶ ಲ್ಯುಕೀಮಿಯದಲ್ಲಿ ಒಂದೇ ಜೀವಕೋಶದ ಸಂತತಿ ಹೆಚ್ಚುವುದರಿಂದ ಒಂದೇ ಬಗೆಯ ಜೋಡಣೆ ಪ್ರಧಾನವಾಗಿ ಕಾಣುತ್ತದೆ. ಚಿಕಿತ್ಸೆಯ ನಂತರ ಉಳಿದಿರುವ ರೋಗಗ್ರಸ್ತ ಜೀವಕೋಶಗಳನ್ನು ಹುಡುಕಲು ಇದೇ ಗುರುತನ್ನು ಬಳಸುತ್ತಾರೆ.

ನಾಮಕರಣ ಮತ್ತು ಅಧ್ಯಯನದ ತೊಡಕುಗಳು

ಈ ವಂಶವಾಹಿಗಳ ಹೆಸರುಗಳನ್ನು ಫ್ರಾನ್ಸಿನ ಮಾಂಪೆಲಿಯೆಯಲ್ಲಿ 1989ರಲ್ಲಿ ಮಾರಿ-ಪಾಲ್ ಲೆಫ್ರಾಂಕ್ ಸ್ಥಾಪಿಸಿದ ಐಎಂಜಿಟಿ ಪಟ್ಟಿಮಾಡುತ್ತದೆ. ಒಂದನ್ನೊಂದು ಹೋಲುವ ತುಣುಕುಗಳು ಪಕ್ಕಪಕ್ಕದಲ್ಲಿರುವುದರಿಂದ ಸಣ್ಣ ಓದುಗಳ ಡಿಎನ್‌ಎ ಅನುಕ್ರಮಣದಲ್ಲಿ ಅವು ಅದಲುಬದಲಾಗುವ ಸಂಭವವಿದೆ. ರಕ್ತದ ಮಾದರಿಗಳಲ್ಲಿ ಜೋಡಣೆಯಾದ ಡಿಎನ್‌ಎಯೂ ಬೆರೆತಿರುವುದು ಮತ್ತೊಂದು ತೊಡಕು. ಉದ್ದ ಓದಿನ ಅನುಕ್ರಮಣ ವಿಧಾನಗಳು ಈ ಗೊಂದಲವನ್ನು ಕಡಿಮೆ ಮಾಡುತ್ತಿವೆ.