ಹಿಂದೂ ಮಹಾಸಾಗರದ ಟ್ಯೂನಾ: ಅಂದಾಜಿನ ಆಧಾರ, ಮಿತಿಯ ಪಾಲನೆ

ಹಿಂದೂ ಮಹಾಸಾಗರದ ಹಳದಿ ರೆಕ್ಕೆಯ ಟ್ಯೂನಾ ಮಿತಿಮೀರಿದ ಮೀನುಗಾರಿಕೆಯಿಂದ ಕುಗ್ಗಿದೆ ಎಂದು ಹಿಂದೂ ಮಹಾಸಾಗರ ಟ್ಯೂನಾ ಆಯೋಗದ ವಿಜ್ಞಾನಿಗಳು 2015ರಲ್ಲಿ ತೀರ್ಮಾನಿಸಿದರು. 2024ರ ಅಂದಾಜಿನಲ್ಲಿ ಅದೇ ಮೀನು ಸುಸ್ಥಿತಿಯಲ್ಲಿ ಕಂಡಿತು. 2021ರಲ್ಲಿ ಸುಮಾರು 3,49,000 ಟನ್ ಎಂದಿದ್ದ ಗರಿಷ್ಠ ಸುಸ್ಥಿರ ಇಳುವರಿ (ಸಂಪತ್ತು ಕುಗ್ಗದಂತೆ ವರ್ಷಕ್ಕೆ ಹಿಡಿಯಬಹುದಾದ ಗರಿಷ್ಠ ಪ್ರಮಾಣ) ಸುಮಾರು 4,21,000 ಟನ್ನಿಗೇರಿತು. ಈ ವ್ಯತ್ಯಾಸದಲ್ಲಿ ಉದ್ದ ಹಗ್ಗಕ್ಕೆ ಸಾಲುಗಾಳ ಕಟ್ಟಿ ಹಿಡಿಯುವ ಲಾಂಗ್‌ಲೈನ್ ಹಡಗುಗಳ ಹಿಡಿತದ ದರದ ಸೂಚ್ಯಂಕವನ್ನು ಹೊಸದಾಗಿ ಲೆಕ್ಕಹಾಕಿದ್ದರ ಪಾತ್ರ ದೊಡ್ಡದು. ಹಾಗಾಗಿ ಅಳತೆಗೋಲನ್ನೇ ಮೊದಲು ಪರೀಕ್ಷಿಸಬೇಕು.

ಕಡಲಿನ ಮೀನನ್ನು ನೇರವಾಗಿ ಎಣಿಸಲಾಗದು. ಸಾವಿರ ಗಾಳಕ್ಕೆ ಎಷ್ಟು ಮೀನು ಬಿತ್ತು ಎಂಬುದರಿಂದ ಸಂಪತ್ತಿನ ಏರಿಳಿತವನ್ನು ಊಹಿಸುತ್ತಾರೆ. ಗಾಳ ಇಳಿಸುವ ಆಳ, ಹಡಗು ಹೋಗುವ ಪ್ರದೇಶ, ಉಪಕರಣ ಬದಲಾದರೆ ಈ ದರವೂ ಬದಲಾಗುತ್ತದೆ. ಸುತ್ತುಬಲೆ ಬೀಸುವ ಪರ್ಸೀನ್ ಹಡಗುಗಳಿಗೆ ಮೀನುಗಳನ್ನು ಸೆಳೆಯುವ, ಉಪಗ್ರಹ ಸಂಪರ್ಕವಿರುವ ತೇಲು ಆಸರೆಗಳು ದೊರೆತ ಮೇಲಂತೂ ಮೀನು ಕಡಿಮೆಯಾಗುತ್ತಿದ್ದರೂ ಬಲೆ ತುಂಬಬಹುದು. 2005ರಿಂದ 2009ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯೂನಾಗಳಿಗೆ ಗುರುತುಪಟ್ಟಿ ಹಾಕಿ ಬಿಟ್ಟದ್ದು ಇದಕ್ಕಾಗಿಯೇ: ಮರಳಿ ಸಿಕ್ಕ ಪಟ್ಟಿಗಳಿಂದ ಬೆಳವಣಿಗೆ, ವಲಸೆ, ಸಾವಿನ ಪ್ರಮಾಣ ತಿಳಿಯುತ್ತವೆ. ಈಗ ಆ ಮಾಹಿತಿಯೂ ಹಳತಾಗಿದೆ.

ಅಂದಾಜು ಹೀಗೆ ತೂಗಾಡುವಾಗ ಪ್ರತಿ ಸಭೆಯಲ್ಲೂ ಚೌಕಾಸಿ ಮಾಡಿ ಮಿತಿ ನಿಗದಿಪಡಿಸುವುದು ಅಪಾಯಕರ. ಆಯೋಗ 2016ರಲ್ಲಿ ಸ್ಕಿಪ್‌ಜಾಕ್ ಟ್ಯೂನಾಗೆ ರೂಪಿಸಿದ ನಿಯಮ ಉತ್ತಮ ಮಾದರಿ. ಮೀನುಗಾರಿಕೆಯೇ ಇಲ್ಲದಿದ್ದರೆ ಇರಬಹುದಾದ ರಾಶಿಯ ಶೇ. 40 ಅದರ ಗುರಿ. ಅದಕ್ಕಿಂತ ಕುಸಿದರೆ ಹಿಡಿಯುವ ಪ್ರಮಾಣವೂ ಇಳಿಯಬೇಕು. ಅದರಂತೆ 2018ರಿಂದ 2020ರವರೆಗೆ ವಾರ್ಷಿಕ ಮಿತಿ 4,70,029 ಟನ್ ಆಗಿತ್ತು. ಆದರೆ 2018ರಲ್ಲೇ ಹಿಡಿದ ಪ್ರಮಾಣ ಆರು ಲಕ್ಷ ಟನ್ ದಾಟಿತು! ಮಿತಿಯನ್ನು ದೇಶಗಳ ನಡುವೆ ಹಂಚಿರಲಿಲ್ಲವಾದ್ದರಿಂದ ಮೀರಿದವರು ಯಾರೆಂದು ಬೆರಳು ತೋರಿಸಲೂ ಆಗಲಿಲ್ಲ. ಆನಂತರದ ಅಂದಾಜುಗಳಲ್ಲೂ ಸ್ಕಿಪ್‌ಜಾಕ್ ಸುಸ್ಥಿತಿಯಲ್ಲೇ ಇತ್ತು. ಮರಿಗಳು ಹೆಚ್ಚು ಬದುಕುವಂಥ ಕಡಲಿನ ಪರಿಸ್ಥಿತಿ ಇದಕ್ಕೆ ನೆರವಾಗಿರಬೇಕು. ಇದನ್ನು ನಿರ್ವಹಣೆಯ ಯಶಸ್ಸೆಂದು ಕರೆಯಲು ನಾನು ಸಿದ್ಧನಿಲ್ಲ.

ಹಳದಿ ರೆಕ್ಕೆಯ ಟ್ಯೂನಾದ ಚೇತರಿಕೆಗಾಗಿ 2021ರಲ್ಲಿ ಕೈಗೊಂಡ ನಿರ್ಣಯಕ್ಕೆ ಭಾರತ, ಇಂಡೋನೇಷ್ಯಾ, ಒಮಾನ್ ಮೊದಲಾದ ದೇಶಗಳು ಆಕ್ಷೇಪ ಸಲ್ಲಿಸಿದವು. ಆಕ್ಷೇಪಿಸಿದವರಿಗೆ ನಿರ್ಣಯ ಅನ್ವಯಿಸುವುದಿಲ್ಲ. ಮಿತಿಯನ್ನು ದೇಶಗಳ ನಡುವೆ ಹಂಚುವಾಗ ದೂರದಿಂದ ಬಂದ ದೊಡ್ಡ ಹಡಗುಗಳು ದಶಕಗಳ ಕಾಲ ಬಾಚಿದ ಪ್ರಮಾಣವನ್ನೇ ಪಾಲಿನ ಆಧಾರವಾಗಿಸಿದರೆ ಕರಾವಳಿ ದೇಶಗಳಿಗೆ ಅನ್ಯಾಯವಾಗುತ್ತದೆಂಬ ವಾದ ಸರಿಯಾದದ್ದೇ. ಆದರೆ ಈ ಸಾಗರದ ಟ್ಯೂನಾದಲ್ಲಿ ಗಿಲ್‌ನೆಟ್ ಮತ್ತು ಸಣ್ಣ ದೋಣಿಗಳ ಪಾಲು ದೊಡ್ಡದು, ಅವುಗಳ ದಾಖಲೆ ಮಾತ್ರ ಅತ್ಯಲ್ಪ. ಪಾಲು ಕೇಳುವ ದೇಶ ತನ್ನ ಬಂದರುಗಳಲ್ಲಿ ಇಳಿಯುವ ಟ್ಯೂನಾದ ಜಾತಿ, ಉದ್ದ, ತೂಕವನ್ನು ದಾಖಲಿಸಿ ಆಯೋಗದ ಮುಂದಿಡಬೇಕು. ಅದಿಲ್ಲದೆ ಮುಂದಿನ ಅಂದಾಜೂ ಲಾಂಗ್‌ಲೈನ್ ಹಡಗುಗಳ ಲೆಕ್ಕವನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ.